ಹನಮಂತ ಮಾಸ್ತರರ ಕೃಷಿ ಥೀಮು

ಹತ್ತರಗಿಯ ಹನಮಂತ ಮಾಸ್ತರರು ಸುಳ್ಳು ಹೇಳುವ ಮನುಷ್ಯರಲ್ಲ. ಆದರೆ ‘ನಮ್ಮಲ್ಲಿ ಅದು ಇಲ್ಲ’ ಎಂಬ ಮಾತು ಮಾತ್ರ ಅವರ ಬಾಯಿಂದ ಹೊರಡುತ್ತಿರಲಿಲ್ಲ. ನಿಮ್ಮ ಮನೆಗೆ ಸೋಲಾರ್ ಇದೆಯೇ ಎಂದರೆ ‘ಹಾಕಸಾಕತ್ತೇವಿ’ ಎನ್ನುವರು. ಒಮ್ಮೆ ದವಾಖಾನೆಯಲ್ಲಿ ನರ್ಸಬಾಯಿ ಸಾಲಾಗಿ ಕೂತವರನ್ನೆಲ್ಲ ‘ಸಕ್ಕರಿ ಬ್ಯಾನಿ ಐತೇನ್ರಿ?’ ಎಂದು ಕೇಳುತ್ತ ಬಂದಾಗ, ಆಜೂಬಾಜೂ ಇದ್ದವರೆಲ್ಲ ಹೌದೆಂದದ್ದನ್ನು ಕೇಳಿ ತಾವೊಬ್ಬರೇ ಹಿಂದೆ ಬೀಳಬಾರದೆಂದು ‘ನಮಗೂ ಸ್ವಲ್ಪ ಐತ್ರಿ’ ಎಂದುಬಿಟ್ಟರು. ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದರು.

ಇಂಥವರನ್ನು ಯಮಕನಮರಡಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರರನ್ನಾಗಿ ಮಾಡಿದ್ದರು. ಅಲ್ಲೇ ವಿಜ್ಞಾನ ಕಲಿಸುತ್ತಿದ್ದ ಮಹೇಶ ಸರ್ ಹುಕ್ಕೇರಿಯವರು, ವಯಸ್ಸಿನಲ್ಲಿ ಚಿಕ್ಕವರು, ಫೋನಿನಲ್ಲಿ ಫೋಟೋ ತೋರಿಸುವುದರಲ್ಲಿ ಎಲ್ಲರಿಗಿಂತ ದೊಡ್ಡವರು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲೇ ಅವರು ಫೋನು ಬಿಚ್ಚಿದರು. ಹೆಂಡತಿ, ಮಕ್ಕಳು, ಅತ್ತೆ, ಮಾವ ಎಲ್ಲರೂ ಒಂದು ಬಣ್ಣದ ಹಲಗೆಯ ಸುತ್ತ ಕೂತು ನಗುತ್ತಿದ್ದರು.

“ಇದು ರೈಲ್ವೆ ಥೀಮ್ರಿ ಸರ್. ಹ್ವಾದ ಐತವಾರ ಅಡವಿ ಥೀಮ್ ಇತ್ತು. ಐತವಾರ ನಮ್ಮ ಮನ್ಯಾಗ ಫೋನ್ ಬಂದ್. ಎಲ್ಲಾರೂ ಕೂಡಿ ಬೋರ್ಡ್ ಗೇಮ್. ನಿಮ್ಮ ಮನ್ಯಾಗ ಯಾವ ಥೀಮ್?”

ಹನಮಂತ ಮಾಸ್ತರರ ಮನೆಯಲ್ಲಿ ಇದ್ದದ್ದು ಒಂದು ಕೇರಂ ಬೋರ್ಡು. ಅದರ ಮೇಲೆ ಈಗ ಶಾವಿಗೆ ಒಣಗಿಸುತ್ತಿದ್ದರು. ಅವರು ಚಪಾತಿ ನುಂಗಿ, ನೀರು ಕುಡಿದು, ಹೇಳಿದರು.

“ನಮ್ಮದು ಕೃಷಿ ಥೀಮ್.”

“ಕೃಷಿ! ಅಂಥಾದ್ದು ನಾ ನೋಡೇ ಇಲ್ರಿ ಸರ್. ಮುಂದಿನ ತಿಂಗಳ ಮೊದಲನೇ ಐತವಾರ ಫ್ಯಾಮಿಲಿ ಕರಕೊಂಡ ಬರ್ತೀನಿ ತಡೀರಿ, ನಾವೂ ಕಲೀತೀವಿ.”

“ಬರ್ರಿ ಬರ್ರಿ,” ಅಂದರು ಮಾಸ್ತರರು. ಆ ಮೇಲೆ ಅವರಿಗೆ ಊಟ ಸೇರಲಿಲ್ಲ.

ಒಂದು ಮಾತು ಹೇಳಬೇಕು. ಇಲ್ಲದ್ದನ್ನೆಲ್ಲ ಇದೆ ಎನ್ನುತ್ತಿದ್ದ ಈ ಮಾಸ್ತರರ ಮನೆಯಲ್ಲಿ ನಿಜವಾಗಿಯೂ ಇದ್ದ ಒಂದು ಸಂಗತಿಯೆಂದರೆ ಒಂದೇ ಒಲೆ. ಆ ಓಣಿಯಲ್ಲಿ ಉಳಿದ ಮನೆಗಳೆಲ್ಲ ನಡುವೆ ಗೋಡೆ ಎಬ್ಬಿಸಿಕೊಂಡು ಎರಡಾಗಿ, ಮೂರಾಗಿ, ಒಬ್ಬರ ಚಹಾದ ವಾಸನೆಗೆ ಇನ್ನೊಬ್ಬರು ಕಿಟಕಿ ಮುಚ್ಚುವ ಹಂತ ತಲುಪಿದ್ದವು. ಪಾಲಾಗದೆ ಉಳಿದದ್ದು ಇವರದೊಂದೇ. ತಾಯಿ ಮುದಕವ್ವ, ಹಿರಿಯ ಮಗ ಮಾಸ್ತರರು, ಹೊಲ ಮಾಡುವ ಕಿರಿಯ ಮಗ ಮುತ್ತಪ್ಪ, ಇಬ್ಬರ ಹೆಂಡಂದಿರು, ಕಾಲೇಜಿಗೆ ಹೋಗುವ ಮಾಸ್ತರರ ಮಗಳು ಕಾಜಲ್, ಎಲ್ಲರಿಗೂ ಒಂದೇ ರೊಟ್ಟಿಯ ಬುಟ್ಟಿ, ಕೊಟ್ಟಿಗೆಯಲ್ಲಿ ಒಂದೇ ಎಮ್ಮೆ. ಆದರೆ ಇತ್ತೀಚೆಗೆ ಬುಟ್ಟಿಯಿಂದ ರೊಟ್ಟಿ ತಗೊಂಡು ಒಬ್ಬೊಬ್ಬರು ಒಂದೊಂದು ಮೂಲೆಗೆ ಫೋನು ಹಿಡಿದು ಹೋಗುತ್ತಿದ್ದರು. ಅಣ್ಣತಮ್ಮಂದಿರು ಮಾತಾಡಿ ದಿನಗಳಾಗಿದ್ದವು. ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ಹೀಗೇ ನಡೆದರೆ ಈ ಮನೆಯೂ ಒಂದು ದಿನ ಒಡೆದೀತು ಎಂಬ ಭಯ ಮಾಸ್ತರರಿಗೆ ಒಳಗೊಳಗೇ ಇತ್ತು. ಆಟ ತಂದರೆ ಮಹೇಶ ಸರ್ ಮುಂದೆ ಮಾನವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಅವರು ಗೋಕಾಕದ ಬಸ್ಸು ಹತ್ತಿದರು.

ಗೋಕಾಕದ ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದವನು ಓಂಕಾರ. ಗಿರಾಕಿಯ ಮುಖ ನೋಡಿಯೇ ಅಳತೆ ಮಾಡುವವನು.

“ಯಾವ ಥೀಮ್ ಬೇಕ್ರಿ ಸರ? ಕೊಲಿದು ಐತಿ, ದೆವ್ವದ್ದು ಐತಿ, ಸಮುದ್ರ ಕಳ್ಳರದು ಐತಿ.”

“ಮನಿ ಮಂದಿ ಕೂಡಿ ಆಡೂದು ಬೇಕಾಗಿತ್ರಿ. ಮನ್ಯಾಗ ವಯಸ್ಸಾದ ಅವ್ವ ಅದಾಳ.”

“ಹಂಗಾರ ಕೊಲಿದು ಒಯ್ರಿ. ಎಲ್ಲಾರೂ ಕೂಡಿ ಕೊಲಿ ಮಾಡಿದಂವನ್ನ ಹುಡಕೂದು. ಫ್ಯಾಮಿಲಿಗೆ ಭಾಳ ಚಲೋ. ಮೊನ್ನಿ ಒಬ್ರು ಒಯ್ದಿದ್ರು, ಅತ್ತಿ ಸೊಸಿ ಬಿಟ್ಟೂಬಿಡದ ಆಡಿದ್ರಂತ.”

“ಆಮ್ಯಾಲ?”

“ಆಮ್ಯಾಲ ಮಗಾ ಬಂದು ತಿರುಗಿ ಕೊಟ್ಟ ಹ್ವಾದ.”

ಮಾಸ್ತರರು ಕೃಷಿಯದೇ ಬೇಕೆಂದರು. ಓಂಕಾರ ಮೇಲಿನ ಕಪಾಟಿನಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದ. ಒಳಗೆ ಹಸಿರು ಹೊಲಗಳ ಹಲಗೆ, ದಾಳಗಳು, ಚೀಟಿಗಳು.

“ಇದರಾಗ ಕುರಿ ಅದಾವ, ಗೋದಿ ಐತಿ, ಒಂದ ಗಾಳಿ ಗಿರಣಿ ಐತಿ.”

“ಕಬ್ಬು?”

“ಕಬ್ಬಿಲ್ರಿ.”

“ಎಮ್ಮಿ?”

“ಹಂದಿ ಐತ್ರಿ.”

“ಕಬ್ಬಿಲ್ಲ, ಎಮ್ಮಿ ಇಲ್ಲ. ಇದೆಂಥಾ ಒಕ್ಕಲತನಾನೋ ಮಾರಾಯಾ?”

“ಪರದೇಶದ ಒಕ್ಕಲತನರಿ ಸರ. ಅವರಿಗೆ ಕಬ್ಬಿನ ಬಿಲ್ಲಿಗೆ ಫ್ಯಾಕ್ಟರಿಗೆ ಎಡತಾಕೂದು ಇರೂದಿಲ್ಲ, ಅದಕ್ಕ ಆಟ ಆಡಾಕ ಪುರಸೊತ್ತ ಇರತೈತಿ.”

ಮಾಸ್ತರರು ಅದನ್ನೇ ಕಟ್ಟಿಸಿಕೊಂಡರು. ಮನೆಯವರನ್ನು ಕೂಡಿಸಲು ಆಟವೊಂದೇ ಸಾಕಾಗಲಿಕ್ಕಿಲ್ಲವೆಂದು ಒಂದು ಪುಡಿಕೆ ಕರದಂಟನ್ನೂ ತಗೊಂಡರು. ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಆಟದ ನಿಯಮಗಳ ಪುಸ್ತಕ ಇಂಗ್ಲಿಷೂ ಅಲ್ಲದ ಯಾವುದೋ ಭಾಷೆಯಲ್ಲಿತ್ತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದರು. ಚಿತ್ರಕಲೆಯ ಮಾಸ್ತರರು ಬ್ರಶ್ಶು ಹಿಡಿದರು.

ಗಾಳಿ ಗಿರಣಿಗೆ ಹೊಗೆ ಬರೆದದ್ದೇ ಸಕ್ಕರೆ ಫ್ಯಾಕ್ಟರಿಯಾಯಿತು. ಹಂದಿಗೆ ಕರಿ ಬಣ್ಣ ಬಳಿದು ಕೋಡು ಮೂಡಿಸಿದರು, ಎಮ್ಮೆಯಾಯಿತು. ಹೊಲಗಳಿಗೆ ಹೆಸರು ಬೇಕಲ್ಲ? ಪರರ ಹೆಸರೇಕೆ ಎಂದು ತಮ್ಮ ಹೊಲದ ಹೆಸರುಗಳನ್ನೇ ಚಂದದ ಅಕ್ಷರಗಳಲ್ಲಿ ಬರೆದರು. ಬಾವಿ ಹೊಲ, ಹಳ್ಳದ ಪಟ್ಟಿ, ಮಡ್ಡಿ. ಚೀಟಿಗಳನ್ನೂ ಹೊಸದಾಗಿ ಬರೆದರು. ‘ಮೂರು ಫೇಸ್ ಕರೆಂಟು ಹೋಯಿತು, ಒಂದು ಪಾಳಿ ಸುಮ್ಮನೆ ಕೂಡಿರಿ.’ ‘ಕಬ್ಬು ಕಡಿಯುವ ಗ್ಯಾಂಗು ಬರಲಿಲ್ಲ, ಹಿಂದಕ್ಕೆ ಹೋಗಿರಿ.’ ‘ಎಮ್ಮೆ: ಇಟ್ಟುಕೊಂಡವರಿಗೆ ಪ್ರತಿ ಪಾಳಿಗೂ ಲಾಭ.’ ಇಷ್ಟು ಬರೆದ ಮೇಲೆ ಕೈ ಕುದುರಿ, ಇನ್ನೊಂದು ಚೀಟಿ ಬರೆದರು. ‘ಅವ್ವ: ಇಟ್ಟುಕೊಂಡವರಿಗೆ ಪ್ರತಿ ಪಾಳಿಗೂ ದವಾಖಾನೆ ಖರ್ಚು.’

ಕಾಜಲ್ ಅದನ್ನು ಎತ್ತಿ ನೋಡಿದಳು. “ಪಪ್ಪಾ, ಈ ಚೀಟಿ ಬ್ಯಾಡ.”

“ಥೀಮ್ ಅಂದ್ರ ಖರೇ ಜೀವನ ಇದ್ದಂಗ ಇರಬೇಕವ್ವಾ. ನಿನಗ ತಿಳಿಯೂದಿಲ್ಲ,” ಅಂದರು ಮಾಸ್ತರರು. ತಿಳಿಯದವರು ಯಾರು ಎಂಬುದು ಮುಂದೆ ಗೊತ್ತಾಗುತ್ತದೆ.

ಮಹೇಶ ಸರ್ ಬರುವ ಮೊದಲೇ, ಒಂದು ರಜೆಯ ಐತವಾರ ಪಡಸಾಲೆಯಲ್ಲಿ ತಾಲೀಮು ನಡೆಯಿತು. ಮೊದಮೊದಲು ಕರದಂಟಿನ ಆಸೆಗೆ ಕೂತ ಮುತ್ತಪ್ಪ, ಬಾವಿ ಹೊಲ ಅಣ್ಣನ ಪಾಲಾದೊಡನೆ ಫೋನು ಕೆಳಗಿಟ್ಟ. ಮರುಕ್ಷಣ ತೊಡೆ ತಟ್ಟಿದ. ಎಷ್ಟೋ ದಿನಗಳಿಂದ ಬಾಯಿ ಬಿಡದ ಅಣ್ಣತಮ್ಮಂದಿರು ಓಣಿಗೆಲ್ಲ ಕೇಳುವಂತೆ ಒದರಾಡತೊಡಗಿದರು. ಹೆಂಡಂದಿರು ತಮ್ಮ ತಮ್ಮ ಗಂಡಂದಿರಿಗೆ ಹಿಂದಿನಿಂದ ಚಿವುಟಿ ಸಲಹೆ ಕೊಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮಾಸ್ತರರಿಗೆ ಸ್ವರ್ಗಕ್ಕೆ ಮೂರೇ ಗೇಣು.

“ಬಾವಿ ಹೊಲಾ ನನಗ ಬಿಡಣ್ಣಾ, ಮಡ್ಡಿ ನೀ ತೊಗೋ!”

“ಮಡ್ಡ್ಯಾಗ ಏನ ಕಲ್ಲ ಬೆಳೀಲೇನೊ? ಬಾವಿ ಬಿಡೂದಿಲ್ಲ.”

“ಹಂಗಾರ ಹಿಂಗ ಮಾಡು. ಬಾವಿ ನನಗ, ಹಳ್ಳದ ಪಟ್ಟಿ ನಿನಗ.”

“ಆತು. ಆದ್ರ ಅವ್ವ ನನ್ನ ಕಡೆ ಬಂದ್ಲಲ್ಲೊ ಮಾರಾಯಾ, ಬರೇ ಖರ್ಚ! ಅವ್ವನ್ನ ನೀ ಇಟ್ಕೋ, ಎಮ್ಮಿ ನನಗ ಕೊಡು!”

“ಎಮ್ಮಿ ಕೊಟ್ಟು ಅವ್ವನ್ನ ಯಾಂವ ತೊಗೋತಾನ? ನನಗೇನ ಹುಚ್ಚ ಹಿಡದೈತೇನ?”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೂಲೆಯಲ್ಲಿ ಮೊರ ಹಿಡಿದು ತೊಗರಿ ಬೇಳೆ ಹಸನು ಮಾಡುತ್ತಿದ್ದ ಮುದಕವ್ವ ಕೈ ನಿಲ್ಲಿಸಿ ತಲೆಯೆತ್ತಿದಳು. ಅವಳನ್ನು ಆಟಕ್ಕೆ ಕರೆಯುವುದು ಯಾರಿಗೂ ನೆನಪಾಗಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಮತ್ತೆ ಬೇಳೆಯ ಕಡೆ ಬಾಗಿದಳು.

ಅದೇ ಹೊತ್ತಿಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಬಾಜೂ ಮನೆಯ ರಾಯವ್ವ ಹೊಸ್ತಿಲ ಹೊರಗೇ ನಿಂತಿದ್ದಳು. ಬಾವಿ ಹೊಲ, ಮಡ್ಡಿ, ಎಮ್ಮೆ, ಕೊನೆಗೆ ಅವ್ವ. ಕೇಳಬೇಕಾದದ್ದನ್ನೆಲ್ಲ ಕೇಳಿ, ಮಜ್ಜಿಗೆ ಕೇಳದೆ ಹೋದಳು. ನೇರ ಹಿಟ್ಟಿನ ಗಿರಣಿಗೆ. ಬೀಸಲು ಏನೂ ಒಯ್ದಿರಲಿಲ್ಲ.

ಹತ್ತರಗಿಯಲ್ಲಿ ಹೆದ್ದಾರಿಯ ಮೇಲೆ ಗಾಡಿಗಳು ಎಷ್ಟೇ ಜೋರು ಓಡಲಿ, ಗಿರಣಿಯಿಂದ ಹೊರಟ ಸುದ್ದಿಯನ್ನು ಹಿಂದೆ ಹಾಕಲಾರವು. ಮರುದಿನ ಮಾಸ್ತರರು ಹಲ್ಲುಜ್ಜುತ್ತಿರುವಾಗಲೇ ಇಟ್ಟಂಗಿ ಭಟ್ಟಿಯವನೊಬ್ಬ ಬಂದು ಮನೆಯ ಪಡಸಾಲೆಯನ್ನು ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕಿ ಅಳೆದ.

“ನಡು ಗ್ವಾಡಿಗೆ ಎಷ್ಟ ಇಟ್ಟಂಗಿ ಬೇಕ್ರಿ? ಅಣ್ಣತಮ್ಮರಿಗೆ ನಾವು ಚಲೋ ರೇಟ್ ಹಾಕ್ತೀವಿ.”

ಮನೆ ತಪ್ಪಿ ಬಂದಿದ್ದಾನೆಂದು ಮಾಸ್ತರರು ಅವನಿಗೆ ಚಹಾ ಕುಡಿಸಿ ಕಳಿಸಿದರು. ಅವನು ಹೋದ ಮೇಲೆ ಬೋರ್‌ವೆಲ್ ಏಜೆಂಟ ತೆಂಗಿನಕಾಯಿ ಹಿಡಿದು ಬಂದ. ಬಾವಿ ಯಾರ ಕಡೆ ಹೋಯಿತು ಹೇಳಿರಿ, ಸಿಗದವರ ಹೊಲದಲ್ಲಿ ನೀರು ನೋಡಿಕೊಡುತ್ತೇನೆ ಎಂದ. ಆಟದ ಸುದ್ದಿ ಇಷ್ಟು ಬೇಗ ಹಬ್ಬಿತಲ್ಲ, ಊರ ಮಂದಿಗೆ ಎಂಥ ಆಸಕ್ತಿ ಎಂದು ಮಾಸ್ತರರು ಹಿಗ್ಗಿ, “ಬಾವಿ ತಮ್ಮಗ ಹ್ವಾತ್ರಿ,” ಅಂದರು. ಏಜೆಂಟ ಮಾಸ್ತರರ ಭುಜ ತಟ್ಟಿ, ಕಣ್ಣು ಒರೆಸಿಕೊಂಡು ಹೋದ.

ಸಾಲೆಯಲ್ಲಿ ಹೆಡ್‌ಮಾಸ್ತರರು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

“ಹನಮಂತ ಮಾಸ್ತರ್ರ, ಸುದ್ದಿ ಕೇಳಿದೆ. ಎಲ್ಲಾ ಶಾಂತರೀತಿಯಿಂದ ಆತಿಲ್ಲೊ?”

ಮಹೇಶ ಸರ್ ಆಟದ ವಿಷಯ ಇವರಿಗೂ ಹೇಳಿದ್ದಾರೆಂದು ಮಾಸ್ತರರು ತಿಳಿದರು. “ಭಾಳ ಚಲೋ ಆತ್ರಿ ಸರ್! ನಕ್ಕೋತ ಮಾಡಿದ್ವಿ. ಬಾವಿ ಹೊಲಾ ತಮ್ಮಗ ಹ್ವಾತು.”

“ಮತ್ತ ನಿಮ್ಮ ತಾಯಿಯವರು?”

“ಅವ್ವ ನನಗ ಬಂದಿದ್ಲು. ನಾ ಬ್ಯಾಡ ಅಂದೆ, ಎಮ್ಮಿ ಕೇಳಿದೆ. ತಮ್ಮ ಎಮ್ಮಿ ಬಿಡಲಿಲ್ಲ. ನಿಮ್ಮ ಮನ್ಯಾಗೂ ಒಮ್ಮೆ ಮಾಡಿ ನೋಡ್ರಿ ಸರ್, ಹುಡುಗರಿಗೆ ಭಾಳ ಖುಷಿ ಆಗತೈತಿ.”

ಹೆಡ್‌ಮಾಸ್ತರರು ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು. ಅಂದಿನಿಂದ ಅವರು ಹನಮಂತ ಮಾಸ್ತರರಿಗೆ ಮೌಲ್ಯಶಿಕ್ಷಣದ ತಾಸು ಕೊಡಲಿಲ್ಲ.

ಮಾತು ಕೊಟ್ಟ ಐತವಾರ ಬಂತು. ಮಾಸ್ತರರು ಪಡಸಾಲೆಯಲ್ಲಿ ಹೊಸ ಚಾಪೆ ಹಾಸಿ, ನಡುವೆ ಹಲಗೆ ಇಟ್ಟು, ಮಹೇಶ ಸರ್ ಅವರ ದಾರಿ ನೋಡುತ್ತ ನಿಂತರು. ಬಾಗಿಲಿಗೆ ಬಂದ ಮೊದಲ ಗಾಡಿಯಿಂದ ಇಳಿದವಳು ಮಾತ್ರ ಮೂಡಲಗಿಗೆ ಕೊಟ್ಟ ತಂಗಿ ದಾಕ್ಷಾಯಿಣಿ. ಇಳಿಯುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

“ಅಣ್ಣಾ, ನನಗ ಒಂದ ಮಾತ ಹೇಳದ ವಾಟಣಿ ಮಾಡಿ ಪಾಲ ಹಂಚ್ಕೊಂಡ್ರೇನ? ನಾ ಈ ಮನ್ಯಾಗ ಹುಟ್ಟಿಲ್ಲೇನ? ಹೊಲಾ ಹ್ವಾದ್ರ ಹೋಗಲಿ, ಅವ್ವನ್ನ ಎಮ್ಮಿಗೆ ಹಾಕಿ ತೂಗಿದ್ರಂತಲ್ಲ!”

“ಯಾವ ವಾಟಣಿ? ಯಾರ ಹೇಳಿದ್ರು?” ಎನ್ನುವಷ್ಟರಲ್ಲಿ ಹಿಂದೆಯೇ ಕೆಮ್ಮು ಕೇಳಿತು. ಯಲ್ಲಾರಿ ಕಾಕಾ ರುಮಾಲು ಸುತ್ತಿಕೊಂಡು ಇನ್ನಿಬ್ಬರು ಹಿರಿಯರೊಂದಿಗೆ ಒಳಗೆ ಬಂದರು. ಆ ಊರಿನ ಪಾಲುಗಳನ್ನೆಲ್ಲ ಅವರೇ ಕೂತು ಮುಗಿಸಿಕೊಟ್ಟವರು. ಚಾಪೆಯ ಮೇಲಿನ ಹಲಗೆ ನೋಡಿ ಬೆರಗಾಗಿ ನಿಂತರು.

“ನಾ ಇಷ್ಟ ವಾಟಣಿ ಮಾಡೇನಿ, ನಕಾಶಿಗೆ ಬಣ್ಣಾ ಹಚ್ಚಿ ಇಟ್ಟವರನ್ನ ನೋಡಿಲ್ಲ.”

“ಕಾಕಾ, ಇದು ಆಟರಿ!”

“ವಾಟಣಿ ಮಾಡವರೆಲ್ಲಾ ಮೊದಲ ಹಂಗ ಅಂತಾರ. ಕುಂಡ್ರು.”

ಹಿರಿಯರು ಹಲಗೆಯ ಸುತ್ತ ಕೂತರು. ದಾಕ್ಷಾಯಿಣಿ ಕಂಬಕ್ಕೊರಗಿ ಅಳತೊಡಗಿದಳು. ಸರಿಯಾಗಿ ಆಗಲೇ ಹುಕ್ಕೇರಿಯಿಂದ ಮಹೇಶ ಸರ್ ಹೆಂಡತಿ ಮಕ್ಕಳೊಂದಿಗೆ ಬಾಗಿಲಲ್ಲಿ ನಿಂತರು. ರುಮಾಲು, ಕೆಮ್ಮು, ಅಳು, ನಡುವೆ ಬಣ್ಣದ ಹೊಲ. ಅವರ ಕಣ್ಣುಗಳು ಅರಳಿದವು.

“ವೇಷಾನೂ ಹಾಕ್ಯಾರ ನೋಡ!” ಎಂದು ಹೆಂಡತಿಗೆ ಹೇಳಿ ಕಾಕಾನ ಪಕ್ಕಕ್ಕೇ ಕೂತರು. “ತಾವು ಯಾವ ಪಾತ್ರರಿ?”

“ನಾ ಪಂಚ,” ಅಂದರು ಕಾಕಾ.

“ವಾಹ್! ಸೋತವರಿಗೆ ಏನ ಆಗತೈತ್ರಿ?”

“ಸೋತವರು ಕೋರ್ಟಿಗೆ ಹೋಗ್ತಾರ.”

“ಕೋರ್ಟ್ ಲೆವೆಲ್ಲೂ ಐತಿ!” ಎಂದು ಮಹೇಶ ಸರ್ ಫೋನು ತೆಗೆದು ವಿಡಿಯೋ ಹಿಡಿದರು. “ಆ ಅಕ್ಕಾವ್ರು ಎಷ್ಟ ಚಂದ ಅಳ್ತಾರ್ರಿ, ಖರೇನ ಅಳಾಕತ್ತಂಗ ಐತಿ.”

ಮಾಸ್ತರರು ಎದ್ದರು, ಕೂತರು. ಆಟವೆಂದರೆ ಹಿರಿಯರು ನಂಬುವುದಿಲ್ಲ, ಆಟವಲ್ಲವೆಂದರೆ ಮಹೇಶ ಸರ್ ನಂಬುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ‘ನಮ್ಮಲ್ಲಿ ಅದು ಇಲ್ಲ’ ಎನ್ನುತ್ತಿದ್ದರು, ಕೇಳುವವರು ಯಾರೂ ಇರಲಿಲ್ಲ.

ಕಾಕಾ ಗಂಟಲು ಸರಿಮಾಡಿಕೊಂಡರು. “ಪದ್ಧತಿ ಏನೈತಿ? ಹಿರ್ಯಾ ಪಾಲ ಹಾಕಬೇಕು, ಕಿರ್ಯಾ ಆರಿಸಬೇಕು. ಹನಮಂತಾ, ನೀ ಪಾಲ ಹಾಕು. ಮುತ್ತಪ್ಪಾ, ನೀ ಆರಿಸು.”

“ಹಾಕೂದಿಲ್ಲರಿ ಕಾಕಾ,” ಅಂದರು ಮಾಸ್ತರರು. “ನಮಗ ಪಾಲ ಬೇಕಾಗಿಲ್ಲ. ಯಾರ ಕರಿಸಿದ್ರು ನಿಮ್ಮನ್ನ?”

“ನಾ ಕರಿಸೇನಿ.”

ಎಲ್ಲರೂ ಹೊರಳಿ ನೋಡಿದರು. ಒಳಬಾಗಿಲಲ್ಲಿ ಮುದಕವ್ವ ನಿಂತಿದ್ದಳು. ಕಂಕುಳಲ್ಲಿ ಒಂದು ಗಂಟಿತ್ತು.

“ಯಲ್ಲಾರಿನ್ನ ಕರಿಸಿದಾಕಿ ನಾನ. ದಾಕ್ಷಿಗೆ ಫೋನ್ ಹಚ್ಚಿಸಿದಾಕಿನೂ ನಾನ.”

“ಅವ್ವಾ, ಅದು ಆಟ ಇತ್ತವ್ವಾ!” ಅಂದ ಮುತ್ತಪ್ಪ.

“ಆಟ ಅನ್ನೂದು ನನಗ ತಿಳಿಯೂದಿಲ್ಲೇನೊ? ಕಣ್ಣ ಇನ್ನೂ ಕಾಣತಾವ, ಕಿವಿ ಇನ್ನೂ ಕೇಳತಾವ. ನಿಮ್ಮ ಆಟದಾಗ ಎಮ್ಮಿ ಲಾಭ ಇತ್ತು. ನಾ ದವಾಖಾನಿ ಖರ್ಚ ಇದ್ನಿ. ನನ್ನ ಅಂವ ಇವನ ಕಡೆ ದೂಡತಿದ್ದ, ಇಂವ ಅವನ ಕಡೆ ದೂಡತಿದ್ದ. ಎಲ್ಲಾರೂ ನಗಾಕತ್ತಿದ್ರಿ. ಇಷ್ಟ ದಿನದ ಮ್ಯಾಲ ಮಕ್ಕಳು ಕೂಡಿ ನಕ್ಕಾರಂತ ನಾನೂ ನಗಬೇಕಂದ್ನಿ. ನಗಿ ಬರಲಿಲ್ಲ.”

ಮಹೇಶ ಸರ್ ಅವರ ಫೋನು ನಿಧಾನವಾಗಿ ಕೆಳಗಿಳಿಯಿತು. ಹನಮಂತ ಮಾಸ್ತರರಿಗೆ ಆದ ನಾಚಿಕೆ ಹೇಳತೀರದು. ಆ ಚೀಟಿಯನ್ನು ಬರೆದದ್ದು ತಮ್ಮದೇ ಕೈ, ಅದೂ ಎಷ್ಟು ದುಂಡಗೆ, ಎಷ್ಟು ಚಂದವಾಗಿ ಬರೆದಿದ್ದರು! ಅವರು ತಾಯಿಯ ಗಂಟು ಹಿಡಿದುಕೊಂಡರು.

“ತಪ್ಪಾತವ್ವಾ. ನೀ ಎಲ್ಲಿಗೂ ಹೋಗಬ್ಯಾಡ. ನೀ ನನ್ನ ಕಡೆ.”

“ನಿನ್ನ ಕಡೆ ಯಾಕ? ನನ್ನ ಕಡೆ,” ಅಂದ ಮುತ್ತಪ್ಪ. ಅವನೂ ಗಂಟಿನ ಇನ್ನೊಂದು ತುದಿ ಹಿಡಿದ.

“ಹಿರ್ಯಾ ನಾ ಅದೀನಿ.”

“ಹಿರ್ಯಾ ಇದ್ದೂ ಅವ್ವನ್ನ ಬ್ಯಾಡ ಅಂದಿಯಲ್ಲೊ!”

“ನೀ ಎಮ್ಮಿ ಬಿಡಲಿಲ್ಲಲ್ಲೊ!”

ಗಂಟು ಬಿಚ್ಚಿ ಎರಡು ಸೀರೆಗಳು ಹಲಗೆಯ ಮೇಲೆ ಬಿದ್ದು ಬಾವಿ, ಮಡ್ಡಿ, ಫ್ಯಾಕ್ಟರಿ ಎಲ್ಲ ಮುಚ್ಚಿಹೋದವು. ಕಾಕಾ ಕೈಯೆತ್ತಿದರು. “ಸಾಕ. ಇಬ್ಬರೂ ಬೇಕ ಅಂತಾರ. ಹಂಗಾರ ಅಕಿನ ಆರಿಸಲಿ. ಮುದಕವ್ವಾ, ನಿನಗ ಯಾರ ಬೇಕ?”

ಮುದಕವ್ವ ಹಿರಿಯ ಮಗನನ್ನು ನೋಡಿದಳು. ಕಿರಿಯವನನ್ನು ನೋಡಿದಳು. ದಾಕ್ಷಾಯಿಣಿ ಅಳು ನಿಲ್ಲಿಸಿ ತಾನೂ ಒಂದು ಹೆಜ್ಜೆ ಮುಂದೆ ಬಂದಳು.

“ನನಗ ಎಮ್ಮಿ ಬೇಕು,” ಅಂದಳು ಮುದಕವ್ವ.

“ಅವ್ವಾ!”

“ಎಮ್ಮಿ ಕರದ್ರ ಹೊಳ್ಳಿ ನೋಡತೈತಿ. ನಿಮ್ಮನ್ನ ಕರದ್ರ ಫೋನಿನ್ಯಾಗಿಂದ ಹೂಂ ಅಂತೀರಿ. ನಾ ಎರಡೂ ಹೊತ್ತು ಅದರ ಕಡೆ ಕೊಟ್ಟಿಗ್ಯಾಗ ಇರತೀನಿ. ನನ್ನ ಕೂಡ ಮಾತಾಡಬೇಕಾದವರು ಅಲ್ಲಿಗೆ ಬರ್ರಿ. ಬರಿಗೈಲೆ ಬರಬ್ಯಾಡ್ರಿ, ಶಗಣಿ ಬುಟ್ಟಿ ಹಿಡಕೊಂಡ ಬರ್ರಿ.”

ಕಾಕಾ ಉಳಿದ ಹಿರಿಯರ ಮುಖ ನೋಡಿದರು. ಅವರು ತಲೆಯಾಡಿಸಿದರು. “ಆತು. ಎಮ್ಮಿ ಅವ್ವಗ. ಎಮ್ಮಿ ಒಂದ, ಕೊಟ್ಟಿಗಿ ಒಂದ, ನಡುವ ಗ್ವಾಡಿ ಎಬ್ಬಸಾಕ ಬರೂದಿಲ್ಲ. ಇದಕ್ಕ ವಾಟಣಿ ಇಲ್ಲ.”

ಮಹೇಶ ಸರ್ ಮೆಲ್ಲಗೆ ಕಾಕಾನ ಕಿವಿಯ ಹತ್ತಿರ ಬಾಗಿದರು. “ಹಂಗಾರ ಗೆದ್ದವರು ಯಾರ್ರಿ?”

“ಎಮ್ಮಿ,” ಅಂದು ಕಾಕಾ ರುಮಾಲು ಸರಿಮಾಡಿಕೊಂಡು ಚಹಾಕ್ಕೆ ಕೈ ಚಾಚಿದರು.

ಒಂದು ವಾರದ ಮೇಲೆ ಸಾಲೆಯಲ್ಲಿ ಹೆಡ್‌ಮಾಸ್ತರರ ಮೂಗಿಗೆ ಏನೋ ವಾಸನೆ ಬಡಿಯಿತು. ಕತ್ತೆತ್ತಿ ನೋಡಿದರೆ ಎದುರಿಗೆ ಹನಮಂತ ಮಾಸ್ತರರು. ಪ್ಯಾಂಟಿನ ಅಂಚಿಗೆ ಹುಲ್ಲು ಅಂಟಿತ್ತು. ಮೊಣಕಾಲಿಗೆ ಎಮ್ಮೆ ಒದ್ದದ್ದರಿಂದ ಕುಂಟುತ್ತಲೂ ಇದ್ದರು.

“ಏನ್ರಿ ಮಾಸ್ತರ್ರ, ಹಿರಿಯರು ಬಂದು ಕುಂತಿದ್ರಂತ. ಮುಗೀತು? ಕಡೀಕ ನಿಮ್ಮ ಪಾಲಿಗೆ ಏನ ಬಂತು?”

“ಮುಂಜಾನಿ ಹೊತ್ತಿನ ಶಗಣಿ ಬಳಿಯೂದು ಬಂತ್ರಿ ಸರ್. ಅವ್ವ ಹಾಲ ಹಿಂಡೂಮಟ ಬಾಜೂಕ ಕುಂತು ಮಾತಾಡಾಕ ಸಿಗತೈತಿ. ಸಂಜಿ ಹೊತ್ತು ತಮ್ಮಂದು.”

ಹೆಡ್‌ಮಾಸ್ತರರಿಗೆ ಅಯ್ಯೋ ಎನಿಸಿತು. “ಹಿರೇ ಮಗಾ ಆಗಿ ಇಷ್ಟಕ್ಕ ಒಪ್ಪಿಕೊಂಡ ಬಂದ್ರೇನ್ರಿ?”

“ನಾ ಎಲ್ಲಿ ಒಪ್ಪಿದ್ನಿ ಸರ್?” ಅಂದರು ಹನಮಂತ ಮಾಸ್ತರರು. “ಎರಡೂ ಹೊತ್ತು ನನಗ ಬೇಕಂತ ಹಟಾ ಹಿಡದಿದ್ನಿ. ತಮ್ಮ ಜಗಳಾಡಿ ಒಂದ ಹೊತ್ತ ಕಸಗೊಂಡಾನ.”